ಮುಳ್ಳು ಸೊನ್ನೆಗೆ ಬಿದ್ದಾಗ

ಹೆರಿಗೆ ನೋವಿನಲ್ಲಿರುವ ಹೆಂಡತಿಯನ್ನು ಆಸ್ಪತ್ರೆಗೆ ಒಯ್ಯುವಾಗ ಓಡಿಸುವವರು ನಡುದಾರಿಯಲ್ಲಿ ಗಾಡಿ ನಿಲ್ಲಿಸಿದರೆ ನೀವೇನು ಮಾಡುತ್ತೀರಿ? ಕಳೆದ ವಾರ ನಾನಂತೂ ಕೂಗಾಡಿಬಿಟ್ಟೆ.

ಮಸ್ಕಿಯ ಡಾಕ್ಟರು, ‘ಮಗು ಅಡ್ಡ ಇದೆ, ಲಿಂಗಸುಗೂರಿಗೆ ಒಯ್ಯಿರಿ’ ಎಂದಿದ್ದರು. ಅಣ್ಣ ಭತ್ತ ಹೇರಿಕೊಂಡು ಸಿಂಧನೂರಿಗೆ ಹೋಗಿದ್ದ. ಮನೆಯ ಹಳೆಯ ಡೀಸೆಲ್ ಜೀಪು ಹತ್ತಿ ಸ್ಟೀರಿಂಗ್ ಹಿಡಿದವರು ಅತ್ತಿಗೆ. (ತುರ್ವಿಹಾಳದ ತವರಿನಲ್ಲಿ ಟ್ರ್ಯಾಕ್ಟರ್ ಹೊಡೆದು ಬೆಳೆದವರು. ನನ್ನದು ಸೈಕಲ್ಲಿಗೇ ಮುಕ್ತಾಯ.)

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಆಯಿಲ್ ಪ್ರೆಶರ್ ತೋರಿಸುವ ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಎಂಜಿನ್ನಿಗೆ ಆಯಿಲ್ ಹೋಗುತ್ತಿಲ್ಲ ಎಂದು ಅದರ ಅರ್ಥ. ಅತ್ತಿಗೆ ಜೀಪನ್ನು ರಸ್ತೆ ಪಕ್ಕಕ್ಕೆ ತಂದು ಎಂಜಿನ್ ಬಂದ್ ಮಾಡಿದರು.

“ಅತ್ತಿಗೆವ್ವಾ, ನಿಂದರಸಬ್ಯಾಡ್ರಿ! ಎಂಜಿನ್ ಸುಟ್ರ ಸುಡ್ಲಿ!”

“ಸುಟ್ರ ಗಾಡಿ ಇಲ್ಲೇ ಕುಂದರ್ತೈತಿ. ಆಮ್ಯಾಲೆ ಇಕಿನ್ನ ನೀ ಹೊತಗೊಂಡು ಹೋಗ್ತಿ ಏನು?”

ಹಿಂದಿನ ಸೀಟಿನಿಂದ ಹೆಂಡತಿ ಹಲ್ಲು ಕಚ್ಚಿಕೊಂಡೇ ಗದರಿದಳು: “ಸುಮ್ನಿರ್ರೀ ನೀವು. ಅಕ್ಕ ನೋಡ್ಲಿ.”

ಅತ್ತಿಗೆ ಬಾನೆಟ್ ಎತ್ತಿದರು. ಆಯಿಲ್ ಅಳೆಯುವ ಕಡ್ಡಿ ತೆಗೆದು, ಒರೆಸಿ, ಮತ್ತೆ ಅದ್ದಿ ನೋಡಿದರು. ಕೆಳಗೆ ಬಗ್ಗಿ ಸೋರಿಕೆ ಹುಡುಕಿದರು.

“ಆಯಿಲ್ ಐತಿ. ಸಪ್ಪಳಾನೂ ಬದ್ಲಾಗಿಲ್ಲ. ಆಯಿಲ್ ದೂಡೋ ಪಂಪ್ ಕೆಟ್ಟೈತೋ, ಮೀಟರ್ ಕೆಟ್ಟೈತೋ ನೋಡೂಣು.”

ಎಂಜಿನ್ನಿನಿಂದ ಮೀಟರಿಗೆ ಹೋಗುವ ಸಣ್ಣ ಪೈಪಿನ ನಟ್ಟನ್ನು ಸ್ಪ್ಯಾನರ್ ಹಾಕಿ ಸಡಿಲಿಸಿದರು. “ಸ್ಟಾರ್ಟರ್ ಹೊಡಿ. ನಾ ಸಾಕು ಅಂದ ಕೂಡ್ಲೆ ಬಂದ್ ಮಾಡು.”

ಹೊಡೆದೆ. ಬಿಸಿ ಆಯಿಲ್ ಚಿಮ್ಮಿ ಅವರ ಕೈ, ಸೀರೆಯ ಮೇಲೆಲ್ಲ ಬಿತ್ತು.

“ಸಾಕು!” ಎಂದರು. ಕೈ ಸುಟ್ಟಿದ್ದರೂ ಮುಖದ ತುಂಬ ನಗು. “ಪಂಪ್ ಚಲೋ ಐತಿ. ಸುಳ್ಳು ಹೇಳಾಕತ್ತಿದ್ದು ಮೀಟರ್!”

ನಟ್ ಬಿಗಿದು ಹೊರಟರು. ಮುಂದಿನ ದಾರಿಯುದ್ದಕ್ಕೂ ಮುಳ್ಳಿನ ಕಡೆ ನೋಡಲಿಲ್ಲ, ಎಂಜಿನ್ನಿನ ಸದ್ದಿಗೇ ಕಿವಿ ಕೊಟ್ಟಿದ್ದರು. ಲಿಂಗಸುಗೂರಿನಲ್ಲಿ ಆಪರೇಷನ್ ಆಯಿತು. ಹೆಣ್ಣು ಮಗು. ಇಬ್ಬರೂ ಆರಾಮ.

ಮರುದಿನ ಮೀಟರ್ ಬದಲಿಸಿದೆವು. ಮುಳ್ಳು ನೆಟ್ಟಗೆ ಮೇಲೆದ್ದು ನಿಂತಿತು.

ಅತ್ತಿಗೆ ಮುಳ್ಳನ್ನು ನಂಬಿದ್ದರೆ ನಾವು ಅಲ್ಲೇ ಬಸ್ಸಿಗೆ ಕಾಯುತ್ತಿದ್ದೆವು. ನನ್ನ ಮಾತು ಕೇಳಿ ನಿಲ್ಲಿಸದೆ ಓಡಿಸಿ, ಪಂಪ್ ನಿಜಕ್ಕೂ ಕೆಟ್ಟಿದ್ದರೆ? ಎಂಜಿನ್ ಸುಟ್ಟು ಗಾಡಿ ನಡುದಾರಿಯಲ್ಲೇ ಕೂರುತ್ತಿತ್ತು. ಬೆನ್ನ ಹಿಂದೆ ನರಳಾಟ, ಕಿವಿಯ ಹತ್ತಿರ ನನ್ನ ಚೀರಾಟ. ಅದರ ನಡುವೆ ಅವರು ಯಾರನ್ನೂ ನಂಬದೆ, ತಾವೇ ಬಿಚ್ಚಿ ನೋಡಿದರು. ಧೈರ್ಯ ಎನ್ನುವುದು ಇದಕ್ಕೇ ಅಲ್ಲವೇ?

ಹೆಣ್ಣುಮಕ್ಕಳ ಕೈಗೆ ಸ್ಟೀರಿಂಗ್ ಕೊಡಲು ಹೆದರುವ ಅಪ್ಪಂದಿರೇ, ನಿಮ್ಮ ಹೆದರಿಕೆ ಗಾಡಿಯ ಬಗ್ಗೆಯೋ, ಮಗಳ ಬಗ್ಗೆಯೋ?