ತಾತಪ್ಪನಿಗೆ ಮೊದಲ ಹಾಲು

ಬೆಂಗಳೂರಿನ ವಿಜಯನಗರದ ಮಾರ್ಕೆಟ್ ಬೀದಿಯ ಒಂದು ಸಿಹಿತಿಂಡಿ ಅಂಗಡಿಯಲ್ಲಿ ಈಗ ಗಿಣ್ಣನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಕಳೆದ ವಾರ ಸೊಪ್ಪು ಕೊಳ್ಳಲು ಹೋದವಳು ಅದರ ಮುಂದೆ ನಿಂತುಬಿಟ್ಟೆ. ಯಾರೋ ಡಬ್ಬಿಯ ಮುಚ್ಚಳ ತೆಗೆದಿದ್ದರು. ಬೆಲ್ಲದ ವಾಸನೆ, ಏಲಕ್ಕಿಯ ವಾಸನೆ, ಅವೆರಡರ ಅಡಿಯಲ್ಲಿ ಆಗಷ್ಟೇ ಹುಟ್ಟಿದ ಕರುವಿನ ಮೈಯ ಬೆಚ್ಚನೆಯ ವಾಸನೆ. ಕರು ಹಾಕಿದ ಹಸುವಿನ ಮೊದಲ ಹಾಲಿಗೆ ಮಾತ್ರ ಇರುವ ವಾಸನೆ ಅದು. ಗಿಣ್ಣು ಎಂದರೆ ಯಾರ ಬಾಯಲ್ಲಾದರೂ ನೀರೂರುತ್ತದೆ. ನನಗೆ ಮಾತ್ರ ಮುಖ ಬಿಸಿಯಾಗುತ್ತದೆ. ಆ ಮನೆ ಹೋಯಿತು, ಮನೆಯವರು ಹೋದರು, ಆ ಹಸುಗಳೂ ಹೋದವು. ನಮ್ಮನ್ನು ನೋಡಿ ನಗುವವರು ಒಬ್ಬರೂ ಉಳಿದಿಲ್ಲ. ಆದರೂ ನಾಚಿಕೆ ಮಾತ್ರ ಇದ್ದಲ್ಲೇ ಇದೆ, ಬಾಡಿಗೆ ಕೊಡದೆ ಕೂತ ನೆಂಟನ ಹಾಗೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾವು ಈ ಕಡೆ ಮನೆ ಕಟ್ಟಿಸಿಕೊಂಡು ಬಂದಾಗ ವಿಜಯನಗರ ಇನ್ನೂ ಅರ್ಧ ಊರು, ಅರ್ಧ ಹೊಲ. ನಮ್ಮ ಹಿತ್ತಲ ಗೋಡೆಯ ಆಚೆಗೆ ಪಕ್ಕದ ಹಳ್ಳಿ ಅತ್ತಿಗುಪ್ಪೆಯವರ ರಾಗಿ ಹೊಲ ಶುರುವಾಗುತ್ತಿತ್ತು. ಬೆಳಿಗ್ಗೆ ಕಿಟಕಿ ತೆರೆದರೆ ಹಸಿ ಸುಣ್ಣದ ವಾಸನೆಯ ಜೊತೆಗೆ ಸಗಣಿಯ ವಾಸನೆಯೂ ಒಳಗೆ ಬರುತ್ತಿತ್ತು. ಅಪ್ಪ ದಾವಣಗೆರೆ ಕಡೆಯವರು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಹಣೆ ತುಂಬ ವಿಭೂತಿ, ಕಿಸೆಯಲ್ಲಿ ಮಸಿಪೆನ್ನು. ಅವರ ಕೈಬರಹ ಎಷ್ಟು ಚಂದವೆಂದರೆ, ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಲಗ್ನಪತ್ರಿಕೆಯ ಕವರುಗಳ ಮೇಲೆ ವಿಳಾಸ ಬರೆಯಲು ನಮ್ಮ ಮನೆಗೇ ತಂದು ಸುರಿಯುತ್ತಿದ್ದರು. ಬೆಂಗಳೂರಿನಲ್ಲಿ ಅಪ್ಪನಿಗಿದ್ದ ಆಸ್ತಿ ಆ ಮನೆ ಮತ್ತು ಆ ಅಕ್ಷರ. ಪರವೂರಿನಿಂದ ಬಂದವರಿಗೆ ಇರುವ ಒಂದು ಆಸೆ ಅವರಿಗೂ ಇತ್ತು: ಈ ನೆಲ ತಮ್ಮದೂ ಹೌದು ಎಂದು ಯಾರಾದರೂ ಒಪ್ಪಬೇಕು. ಅವ್ವನಿಗೆ ಅಂಥ ಆಸೆ ಇರಲಿಲ್ಲ, ಅವಳಿಗೆ ನಲ್ಲಿಯಲ್ಲಿ ನೀರು ಬಂದರೆ ಸಾಕಿತ್ತು. ಅಜ್ಜಿಗಂತೂ ದಾವಣಗೆರೆಯ ಮಂಡಕ್ಕಿ ಸಿಗದ ಊರು ಊರೇ ಅಲ್ಲ.

ನಮಗೆ ಹಾಲು ಕೊಡುತ್ತಿದ್ದವಳು ಅತ್ತಿಗುಪ್ಪೆಯ ನಂಜಮ್ಮ. ಅವಳ ಮನೆಯ ಹೊಲದ ಬದುವಿನಲ್ಲಿ, ಹೊಂಗೆಮರದ ಬುಡದಲ್ಲಿ, ಒಂದು ವೀರಗಲ್ಲು ನಿಂತಿತ್ತು. ಎದೆಮಟ್ಟದ ಚಪ್ಪಡಿ. ಬಿಲ್ಲು ಹಿಡಿದ ಒಬ್ಬ ಮನುಷ್ಯ, ಅವನ ಕಾಲ ಬಳಿ ಸಾಲಾಗಿ ಹಸುಗಳು, ನೆತ್ತಿಯಲ್ಲಿ ಒಂದು ಪುಟ್ಟ ಲಿಂಗ, ನಡುವೆ ಸವೆದುಹೋದ ನಾಲ್ಕಾರು ಸಾಲು ಹಳೆಯ ಅಕ್ಷರ. ನಂಜಮ್ಮನ ಮನೆಯವರು ಅದನ್ನು ತಾತಪ್ಪ ಎಂದೇ ಕರೆಯುತ್ತಿದ್ದರು. ಯಾವುದೋ ಕಾಲದಲ್ಲಿ ಕಳ್ಳರು ಊರಿನ ಹಸುಗಳನ್ನು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಹೋಗಿ, ಹಸುಗಳನ್ನು ಊರಿಗೆ ತಿರುಗಿಸಿ, ತಾನು ಮಾತ್ರ ತಿರುಗಿ ಬಾರದ ಅವರ ವಂಶದ ಹಿರಿಯ ಅವನು. ಅದಕ್ಕೇ ಆ ಊರಲ್ಲಿ ಒಂದು ಕಟ್ಟು. ಯಾರ ಮನೆಯ ಹಸು ಕರು ಹಾಕಲಿ, ಗಿಣ್ಣು ಹಾಲನ್ನು ಮೊದಲು ತಾತಪ್ಪನ ನೆತ್ತಿಗೆ ಹುಯ್ಯಬೇಕು. ಆಮೇಲೇ ಮನೆಯವರ ಬಾಯಿಗೆ. ನಂಜಮ್ಮ ಹುಯ್ದು ಬಂದ ಮೇಲೆ ನಮ್ಮ ಮನೆಗೂ ಒಂದು ಚೊಂಬು ಬರುತ್ತಿತ್ತು. ಅವ್ವ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುವಾಗ ನಾನು ಒಲೆಯ ಮುಂದಿನಿಂದ ಕದಲುತ್ತಿರಲಿಲ್ಲ.

ಆಮೇಲೆ ಆ ಹೊಲವೂ ಬಡಾವಣೆಗೆ ಸೇರಿತು. ರಸ್ತೆಗೆಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದರು. ಗೆರೆ ಸರಿಯಾಗಿ ಹೊಂಗೆಮರದ ಮೇಲೆ, ಕಲ್ಲಿನ ಮೇಲೆ ಹಾದುಹೋಯಿತು. ನಂಜಮ್ಮ ಹೊಲ ಹೋದದ್ದಕ್ಕೆ ಅಷ್ಟು ಅತ್ತವಳಲ್ಲ. "ಒಲ ಓದ್ರೆ ಓಯ್ತು ಸಾಮಿ, ತಾತಪ್ಪನ್ನ ಎಲ್ಲಿಗೆ ಕರ್ಕೊಂಡೋಗಾನ? ಅವನು ಬಿದ್ದಿರೋ ಜಾಗ ಅದು," ಎಂದು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಆಗ ನಮ್ಮ ಬೀದಿಯವರ ಸಂಘಕ್ಕೆ ಕಾರ್ಯದರ್ಶಿ. ಎದ್ದು ಅಂಗಿ ಹಾಕಿಕೊಂಡು ಆಗಲೇ ರಸ್ತೆಯ ಎಂಜಿನಿಯರನ್ನು ಹುಡುಕಿಕೊಂಡು ಹೋದರು. ಆತ ಒಳ್ಳೆಯ ಮನುಷ್ಯನೇ. "ನೋಡಿ ರುದ್ರಪ್ಪನೋರೆ, ಇದು ಹಳೇ ಕಾಲದ ಶಾಸನ ಅಂತ ತಿಳಿದೋರ ಕೈಲಿ ಒಂದು ಮಾತು ಬರೆಸಿಕೊಡಿ. ರಸ್ತೇನ ಸ್ವಲ್ಪ ವಾರೆ ಮಾಡ್ತೀನಿ. ಬರೀ ಕಲ್ಲು ಅಂದ್ರೆ ಮೇಲಿನೋರು ಕೇಳಲ್ಲ," ಎಂದನಂತೆ. ಅಪ್ಪ ಕುಣಿಯುತ್ತ ಮನೆಗೆ ಬಂದರು. ನಂಜಮ್ಮನಿಗೆ, "ನಿಮ್ಮ ತಾತಪ್ಪನ್ನ ಅಲ್ಲಾಡಿಸೋಕೆ ನಾನು ಬಿಡಲ್ಲಮ್ಮ," ಎಂದು ಮಾತು ಕೊಟ್ಟರು. ಆ ಮಾತನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅಪ್ಪ ಅಷ್ಟು ಎತ್ತರ ಇದ್ದಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಹೊಸತು ಅದು. ಎಲ್ಲರ ಮೈಯಲ್ಲೂ ಕನ್ನಡದ ಬಿಸಿ. ಶಾಸನಗಳನ್ನು ಓದಬಲ್ಲ ಒಬ್ಬ ವಿದ್ವಾಂಸರು ರಾಜ್ಯೋತ್ಸವದ ದಿನ ಬಂದು ಕಲ್ಲು ನೋಡುವುದಾಗಿ ಒಪ್ಪಿದರು. ಅಲ್ಲಿಂದ ಅಪ್ಪನಿಗೆ ನಿದ್ದೆ ಹತ್ತಲಿಲ್ಲ. ದೊಡ್ಡವರು ಮನೆಗೆ ಬರುತ್ತಾರೆಂದರೆ ನಮ್ಮವರು ಏನು ಮಾಡುತ್ತಾರೆ? ಗೋಡೆಗೆ ಸುಣ್ಣ ಹೊಡೆಸುತ್ತಾರೆ, ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ. ಅಪ್ಪ ಅದನ್ನೇ ಕಲ್ಲಿಗೂ ಮಾಡಿದರು. "ಅಷ್ಟು ದೊಡ್ಡೋರು ಬರ್ತಾರೆ, ಅಕ್ಷರ ಸವೆದು ಓದೋಕಾಗದೆ ಕಣ್ಣು ಕಿರಿದು ಮಾಡ್ಕೊಂಡು ನಿಲ್ಲೋ ಹಾಗೆ ಆಗಬಾರದು," ಎಂದರು. ನಮ್ಮ ರುಬ್ಬುವ ಕಲ್ಲು ನುಣುಪಾದಾಗ ಉಳಿಯಿಂದ ಹೊಡೆದು ಹರಿತ ಮಾಡಿಕೊಡಲು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದವನನ್ನೇ ಕರೆಸಿದರು. ಸವೆದದ್ದನ್ನು ಹೊಸದು ಮಾಡಬೇಕು ಎನ್ನುವುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಅವ್ವ ಆ ದಿನ ಅವನಿಗೆ ರೊಟ್ಟಿ ಬಡಿದು ಹಾಕಿದಳು.

ಅಪ್ಪ ಸೀಮೆಸುಣ್ಣ ಹಿಡಿದು ಕಲ್ಲಿನ ಮುಂದೆ ಕೂತರು. ಬೆರಳಾಡಿಸಿ ಗುರುತು ಸಿಕ್ಕ ಕಡೆ ಗುರುತಿನ ಮೇಲೆ ಬರೆದರು. ಸಿಗದ ಕಡೆ ನಂಜಮ್ಮ ಹೇಳಿದ ಕತೆಯಿಂದ ತುಂಬಿಸಿದರು. ಹಸು ತಿರುಗಿಸಿದ್ದು, ಕಾದಿ ಮಡಿದದ್ದು, ಊರವರು ಕಲ್ಲು ನಿಲ್ಲಿಸಿದ್ದು, ಎಲ್ಲವೂ ಅವರ ಮುತ್ತಿನಂಥ ಅಕ್ಷರದಲ್ಲಿ ಮೂಡಿತು. ಆ ಸುಣ್ಣದ ಗೆರೆಯ ಮೇಲೆ ಉಳಿಯ ಏಟು ಬಿತ್ತು. ಕಲ್ಲಿನ ಪುಡಿ ಹೊಂಗೆ ಎಲೆಗಳ ಮೇಲೆ ಕೂತಿತು. ಊರ ಹುಡುಗರು, "ಅಣ್ಣ, ಮೀಸೆನೂ ಒಸಿ ದಪ್ಪ ಮಾಡಣ್ಣ," ಎಂದರು; ವೀರನಿಗೆ ಹುರಿಮೀಸೆಯೂ ಬಂತು. ಕೊನೆಗೆ ಅಕ್ಷರಗಳಿಗೆ ಬಿಳಿ ಎಣ್ಣೆಬಣ್ಣ ತುಂಬಿಸಿದರು. ನಂಜಮ್ಮನಿಗೆ ಓದು ಬರದು. ಆದರೂ ಆ ಬಿಳಿ ಸಾಲುಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿ, "ಈಗ ಎಂಗ್ ಒಳೀತಾವ್ನೆ ನೋಡವ್ವ ನಮ್ ತಾತಪ್ಪ," ಎಂದು ನನ್ನ ಕೆನ್ನೆ ಹಿಂಡಿದಳು.

ರಾಜ್ಯೋತ್ಸವದ ಬೆಳಿಗ್ಗೆ ಹೊಂಗೆಮರಕ್ಕೆ ಮಾವಿನ ತೋರಣ, ಕಲ್ಲಿಗೆ ಚೆಂಡುಹೂವಿನ ಹಾರ. ಬಾಡಿಗೆಗೆ ತಂದ ಕಬ್ಬಿಣದ ಕುರ್ಚಿಗಳಲ್ಲಿ ನಮ್ಮ ಬೀದಿಯವರು, ಹಿಂದೆ ನೆಲದ ಮೇಲೆ ಊರಿನವರು. ವಿದ್ವಾಂಸರು ಬಗಲಿನಲ್ಲಿ ಕಾಗದದ ಸುರುಳಿ, ಕೈಚೀಲದಲ್ಲಿ ಬ್ರಷ್ಷು, ಮಸಿ ಎಲ್ಲ ಹಿಡಿದುಕೊಂಡು ಬಂದರು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮೇಲೆ ಮಸಿ ತಟ್ಟಿ ಅಕ್ಷರಗಳ ಅಚ್ಚು ತೆಗೆಯುತ್ತಾರೆಂದು ಅಪ್ಪ ನನಗೆ ಮೊದಲೇ ಹೇಳಿದ್ದರು. ಕಾರ್ಯಕ್ರಮದ ಮೊದಲಿಗೆ ಶಾಸನ ಓದುವವಳು ನಾನು. ಹೊಸ ಲಂಗ ಉಟ್ಟು, ಕೋಲಿನಿಂದ ಸಾಲು ತೋರಿಸುತ್ತ, ಶಾಲೆಯಲ್ಲಿ ಪದ್ಯ ಒಪ್ಪಿಸುವ ದನಿಯಲ್ಲಿ ಕೊನೆಯವರೆಗೂ ಓದಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟದೆ ಕೂತಿದ್ದವರು ವಿದ್ವಾಂಸರು ಒಬ್ಬರೇ. ಅವರು ಎದ್ದು ಬಂದು ಹಾರವನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ತೆಗೆದು, ಮುಖವನ್ನು ಕಲ್ಲಿನ ಹತ್ತಿರಕ್ಕೆ ತಂದು ಬಹಳ ಹೊತ್ತು ನೋಡಿದರು. ಬೆರಳು ಒಂದು ಬಿಳಿ ಅಕ್ಷರದ ಅಂಚಿನಲ್ಲಿ ನಿಂತಿತು.

"ಇದನ್ನ ಯಾವಾಗ ಹೊಡೆಸಿದ್ರಿ?"

"ಮೊನ್ನೆ ಸಾರ್. ತಮಗೆ ಓದೋಕೆ ಅನುಕೂಲ ಆಗ್ಲಿ ಅಂತ," ಎಂದರು ಅಪ್ಪ. ಮುಖದಲ್ಲಿ ಇನ್ನೂ ನಗು ಇತ್ತು.

"ಹೊಡೆಸೋಕೆ ಮುಂಚೆ ಯಾರಾದರೂ ಅಚ್ಚು ತೆಗೆದಿದ್ರಾ? ಒಂದು ಫೋಟೋ ಆದ್ರೂ?"

"ಇಲ್ಲ ಸಾರ್."

ಅವರು ಅಪ್ಪನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಅಕ್ಷರ ತುಂಬ ಚೆನ್ನಾಗಿದೆ ನಿಮ್ದು," ಎಂದರು, ಒಂದಿಷ್ಟೂ ವ್ಯಂಗ್ಯವಿಲ್ಲದೆ. ಆಮೇಲೆ ದನಿ ತಗ್ಗಿಸಿ, "ಇಂಥ ಬರೀ ಚಿತ್ರದ ಕಲ್ಲು ಊರೂರಿಗೂ ಇದೆ. ಹಳೇ ಅಕ್ಷರ ಇದ್ದಿದ್ರೆ ನಾನು ವಾದ ಮಾಡಬಹುದಿತ್ತು. ಈಗ ಇದರಲ್ಲಿ ಓದೋಕೆ ಇರೋದು ನಿಮ್ಮ ಬರಹ ಮಾತ್ರ. ಏನಂತ ಬರೆದುಕೊಡಲಿ, ಹೇಳಿ?" ಎಂದರು. ಕಾಗದದ ಸುರುಳಿಯನ್ನು ಬಿಚ್ಚಲೇ ಇಲ್ಲ. ಅದನ್ನು ಮತ್ತೆ ಬಗಲಿಗೆ ಸೇರಿಸಿಕೊಂಡು, ಕೊಟ್ಟ ಕಾಫಿಯನ್ನು ಬೇಡ ಎನ್ನದೆ ಕುಡಿದು, ಬಸ್ ಹಿಡಿಯಲು ಹೋದರು. ಕುರ್ಚಿಗಳಲ್ಲಿ ಪಿಸುಮಾತು ಎದ್ದಿತು. ಯಾರೋ ಕಿಸಕ್ಕನೆ ನಕ್ಕರು. ಕೋಲು ಇನ್ನೂ ನನ್ನ ಕೈಯಲ್ಲಿತ್ತು, ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಾನು ಗಟ್ಟಿಯಾಗಿ ಓದಿದ್ದ ಒಂದೊಂದು ಪದವೂ ಕಿವಿಯಲ್ಲಿ ಸುಡುತ್ತಿತ್ತು. ಮನೆಯಲ್ಲಿ ಅಜ್ಜಿ, "ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗಾತು," ಎಂದಳು. ಎಂದೂ ಅಜ್ಜಿಗೆ ಎದುರಾಡದ ಅವ್ವ, "ಸುಮ್ಕಿರ್ರಿ ಅತ್ತೆ," ಎಂದಳು.

ಹೊಸ ವರ್ಷದ ಹೊತ್ತಿಗೆ ರಸ್ತೆ ಕೆಲಸ ಶುರುವಾಯಿತು. ಕಲ್ಲು ಏಳುವ ದಿನ ಯಾವುದೆಂದು ಅಪ್ಪನಿಗೆ ಗೊತ್ತಿತ್ತು. ಆ ದಿನ ಅವರು ಎಂದಿಗಿಂತ ಮುಂಚಿನ ಬಸ್ಸಿಗೆ ಕಚೇರಿಗೆ ಹೋದರು. ಹೊಂಗೆಮರ ಉರುಳಿತು. ತಾತಪ್ಪನನ್ನು ಹಾರೆಯಿಂದ ಎಬ್ಬಿಸಿ ಲಾರಿಗೆ ಹಾಕಿದರು. ಎಲ್ಲೋ ಪಾರ್ಕಿನಲ್ಲಿ ನಿಲ್ಲಿಸುತ್ತೇವೆ ಎಂದರಂತೆ. ಯಾವ ಪಾರ್ಕು ಎಂದು ಕೇಳುವ ಮುಖ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅದಾದ ಮೇಲೆ ಭಾನುವಾರ ಬಂದರೆ ಅಪ್ಪ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದರು. ರಾಜಾಜಿನಗರ, ಬಸವೇಶ್ವರನಗರ, ಶ್ರೀಗಂಧದ ಕಾವಲು, ಒಮ್ಮೆ ಕೆಂಗೇರಿಯವರೆಗೂ. ಪಾರ್ಕುಗಳಲ್ಲಿ, ಚರಂಡಿ ಮೇಲಿನ ಚಪ್ಪಡಿಗಳಲ್ಲಿ, ಕಲ್ಲುರಾಶಿಗಳಲ್ಲಿ ತಮ್ಮದೇ ಅಕ್ಷರವನ್ನು ಹುಡುಕುತ್ತಿದ್ದರು. ಸಿಗಲಿಲ್ಲ. ಲಗ್ನಪತ್ರಿಕೆಯ ಕವರು ಹಿಡಿದು ಬಂದವರಿಗೆ, "ಕೈ ನಡುಗುತ್ತೆ ಕಣ್ರಿ," ಎಂದು ವಾಪಸು ಕಳಿಸುತ್ತಿದ್ದರು. ಅವರ ಕೈ ನಡುಗುತ್ತಿರಲಿಲ್ಲ.

ಟಾರು ಹಾಕಿದ ಮೇಲೆ ಒಂದು ಬೆಳಿಗ್ಗೆ ನಂಜಮ್ಮ ನಮ್ಮ ಗೇಟಿನ ಮುಂದೆ ನಿಂತಿದ್ದಳು. ಕೈಯಲ್ಲಿ ಹಿತ್ತಾಳೆ ಚೊಂಬು, ಅದರ ಬಾಯಿಗೆ ಬಾಳೆಲೆ. ಅಪ್ಪ ಲಿಂಗಪೂಜೆ ಮುಗಿಸಿ ಎದ್ದಿದ್ದರಷ್ಟೆ. "ಸಾಮಿ, ಹಸ ಕರ ಹಾಕೈತೆ. ತಾತಪ್ಪಂಗೆ ಹಾಲು ತಂದಿವ್ನಿ. ಎಲ್ಲಿ ಹುಯ್ಯಾನ?" ಎಂದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಓದು ಬರಹ ಬಲ್ಲವರಿಗೆ ಗೊತ್ತಿರುತ್ತದೆ ಎಂದು ನಂಬಿ ಕೇಳಿದಳು, ಅಷ್ಟೆ. ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಅವಳ ಜೊತೆ ಹೊರಟರು. ನಾನೂ ಹಿಂದೆ ಹೋದೆ. ರಸ್ತೆ ಕಪ್ಪಗೆ, ಎರಡೂ ಕಡೆಗೆ ಒಂದೇ ಸಮನೆ ಚಾಚಿತ್ತು. ಮರವಿಲ್ಲ, ಬದುವಿಲ್ಲ, ಗುರುತು ಹಿಡಿಯಲು ಏನೂ ಇರಲಿಲ್ಲ. ಅಪ್ಪ ಸ್ವಲ್ಪ ಮುಂದೆ ಹೋದರು, ಹಿಂದೆ ಬಂದರು, ನಮ್ಮ ಹಿತ್ತಲ ಗೋಡೆಯತ್ತ ನೋಡಿದರು, ಮತ್ತೆ ನಡೆದರು. ಕೊನೆಗೆ ಒಂದು ಕಡೆ ನಿಂತು, "ಇಲ್ಲೇ ಇರಬೇಕಮ್ಮ," ಎಂದರು. ಅದೂ ಊಹೆಯೇ ಎಂದು ಅವರ ದನಿ ಕೇಳಿದವರಿಗೆ ಗೊತ್ತಾಗುತ್ತಿತ್ತು. ನಂಜಮ್ಮ ಕಣ್ಣುಮುಚ್ಚಿ ಹುಯ್ದಳು. ಹಳದಿ ಬೆರೆತ ಗಟ್ಟಿ ಹಾಲು ಟಾರಿನ ಮೇಲೆ ನಿಲ್ಲದೆ ಹರಿದು, ಅಂಚಿನ ಧೂಳಿನಲ್ಲಿ ಹೋಗಿ ಸೇರಿತು. ಉಳಿದದ್ದನ್ನು ಎಂದಿನಂತೆ ಅವ್ವನ ಕೈಗೆ ಕೊಟ್ಟು, "ಮಗೀಗೆ ಮಾಡ್ಕೊಡಿ ಅವ್ವಾರೆ," ಎಂದು ಹೋದಳು. ಅವ್ವ ಮಾಡಿದಳು. ನಾನು ತಿಂದೆ, ರುಚಿಯಾಗಿಯೇ ಇತ್ತು. ಅಪ್ಪ ಆ ದಿನವೂ ಮುಟ್ಟಲಿಲ್ಲ, ಆಮೇಲೆ ಬದುಕಿರುವವರೆಗೂ ಮುಟ್ಟಲಿಲ್ಲ.

ನಿಮ್ಮ ಬೀದಿಯ ಡಾಂಬರಿನ ಕೆಳಗೂ ಯಾರದೋ ತಾತಪ್ಪ ಬಿದ್ದ ಜಾಗ ಇರಬಹುದು. ಅದನ್ನು ಹಾಳು ಮಾಡಿದವರು ಕೆಟ್ಟವರೇ ಆಗಿರಬೇಕಿಲ್ಲ; ನಮ್ಮ ಅಪ್ಪನಂಥವರೂ ಆಗಿರಬಹುದು. ಕಳೆದ ವಾರ ನಾನು ಒಂದು ಡಬ್ಬಿ ಗಿಣ್ಣು ಕೊಂಡು, ಸೊಪ್ಪಿನ ಚೀಲದಲ್ಲೇ ಇಟ್ಟುಕೊಂಡು, ಆ ರಸ್ತೆಗೆ ನಡೆದುಹೋದೆ. ಈಗ ಅಲ್ಲಿ ಮೊಬೈಲ್ ಅಂಗಡಿ, ದರ್ಶಿನಿ, ಸಾಲುಸಾಲು ಸ್ಕೂಟರು. ನಮ್ಮ ಹಿತ್ತಲ ಗೋಡೆಯೂ ಇಲ್ಲ. ಸ್ವಲ್ಪ ಮುಂದೆ ಹೋದೆ, ಹಿಂದೆ ಬಂದೆ. "ಏನ್ ಹುಡುಕ್ತಾ ಇದೀರಾ ಆಂಟಿ, ಯಾವ್ ಅಡ್ರೆಸ್ಸು?" ಎಂದು ಸ್ಕೂಟರಿನ ಮೇಲೆ ಕೂತಿದ್ದ ಒಬ್ಬ ಕೇಳಿದ. ಏನೂ ಇಲ್ಲಪ್ಪ ಎಂದು ಮನೆಗೆ ಬಂದೆ. ಡಬ್ಬಿ ಫ್ರಿಜ್ಜಿನಲ್ಲಿದೆ, ಮುಚ್ಚಳ ತೆಗೆದಿಲ್ಲ.