ಆದಿತ್ಯವಾರದ ಹರಕೆ

ನಮ್ಮ ಇಂಚಾರ್ಜ್ ಸಿಸ್ಟರ್ ಅವರ ಬಲಗೈಯ ಕಿರುಬೆರಳಿನ ಅಂಚು ಯಾವಾಗಲೂ ಪೆನ್ಸಿಲಿನಿಂದ ಕಪ್ಪಾಗಿರುತ್ತಿತ್ತು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕೈ ತೊಳೆಯುವ ಕೆಲಸ ನಮ್ಮದು. ಆದರೂ ಆ ಕಪ್ಪು ಹೋಗುತ್ತಿರಲಿಲ್ಲ. ಪರ್ಕಳದ ನಮ್ಮ ನರ್ಸಿಂಗ್ ಹೋಮಿನಲ್ಲಿ ಯಾರಿಗೆ ಯಾವ ದಿನ ರಜೆ ಎಂದು ಬರೆಯುವವರು ಅವರೇ. ಬರೆಯುವುದು, ಅಳಿಸುವುದು, ಪುನಃ ಬರೆಯುವುದು. ಪ್ರತಿ ಗುರುವಾರ ಮಧ್ಯಾಹ್ನ ಇದೇ ಕೆಲಸ.

ಅವರ ಹಾಳೆಯಲ್ಲಿ ದೇವರ ಕಾರಣಕ್ಕೆ ಮಾತ್ರ ಬೆಲೆ. ಲ್ಯಾಬಿನಲ್ಲಿದ್ದ ಬ್ಯಾರಿ ಟೆಕ್ನಿಷಿಯನ್‌ಗೆ ಶುಕ್ರವಾರ ಮಧ್ಯಾಹ್ನ ನಮಾಜಿಗೆ ಎರಡು ಗಂಟೆ. ಆ ಹೊತ್ತಿನಲ್ಲಿ ಡಾಕ್ಟರೇ ಕರೆದರೂ ಕಳಿಸುತ್ತಿರಲಿಲ್ಲ. ಮನೆಯಲ್ಲಿ ದೈವಕ್ಕೆ ತಂಬಿಲದ ಸೇವೆ ಉಂಟು ಎಂದರೆ ಆಯಾಗೆ ಸಂಕ್ರಮಣದ ದಿನ ರಜೆ. ಆದಿತ್ಯವಾರ ಇಬ್ಬರಿಗೆ ಮಾತ್ರ ರಜೆ ಕೊಡಲು ಸಾಧ್ಯವಿತ್ತು. ಅದು ಇಗರ್ಜಿಗೆ ಹೋಗುವವರದ್ದು. ಒಂದು ಸಿಸ್ಟರಿಗೆ, ಇನ್ನೊಂದು ಮತ್ತೊಬ್ಬ ಕ್ರಿಶ್ಚಿಯನ್ ನರ್ಸಿಗೆ. ನಿಮಗೆ ಏಳು ದಿನಕ್ಕೂ ಒಬ್ಬೊಬ್ಬ ದೇವರು ಉಂಟಲ್ಲ, ಯಾವ ದಿನ ಸಿಕ್ಕಿದರೆ ಎಂತ ಎಂದು ಉಳಿದವರಿಗೆ ಹೇಳುತ್ತಿದ್ದರು. ಮೊದಮೊದಲು ನನಗೂ ಅದು ಸರಿಯೆಂದೇ ಕಂಡಿತ್ತು.

ನನಗೆ ಸಿಕ್ಕಿದ್ದು ಮಂಗಳವಾರ. ಗಂಡ ಗಲ್ಫಿನಲ್ಲಿ, ಒಂದನೇ ಕ್ಲಾಸಿನ ಮಗಳು ಕಾರ್ಕಳದಲ್ಲಿ ಅತ್ತೆಯ ಜೊತೆ, ನಾನು ಪರ್ಕಳದ ಬಾಡಿಗೆ ಕೋಣೆಯಲ್ಲಿ. ಮಂಗಳವಾರ ಬಸ್ಸು ಹಿಡಿದು ಹೋದರೆ ಮಗಳು ಶಾಲೆಯಲ್ಲಿ. ಸಂಜೆ ಅವಳು ಬಂದು ಚೀಲ ಇಡುವಷ್ಟರಲ್ಲಿ ನನ್ನ ಬಸ್ಸಿನ ಹೊತ್ತು. ಒಮ್ಮೆ ನನ್ನನ್ನು ನೋಡಿದ ಕೂಡಲೇ, "ಅಮ್ಮ, ನೀನು ಎಷ್ಟು ಗಂಟೆಗೆ ಹೋಗುದು?" ಎಂದು ಕೇಳಿದಳು.

ಮಗಳ ಕಾರಣ ಆ ಹಾಳೆಯಲ್ಲಿ ನಡೆಯುವುದಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಗುರುವಾರ ಅವರೆದುರು ನಿಂತು ಹಸಿ ಸುಳ್ಳು ಹೇಳಿದೆ: ಸೂರ್ಯದೇವರಿಗೆ ಹರಕೆ ಹೊತ್ತಿದ್ದೇನೆ, ಆದಿತ್ಯವಾರ ಒಪ್ಪೊತ್ತು ಮಾಡಿ, ಒಂದೇ ಊಟದಲ್ಲಿದ್ದು, ಊರಿನ ದೇವಸ್ಥಾನಕ್ಕೆ ಹೋಗಬೇಕು. ಎಂತಕ್ಕೆ ಹರಕೆ ಎಂದು ಅವರು ಕೇಳಲಿಲ್ಲ. ತಮ್ಮ ಹೆಸರಿನೆದುರಿನ ಗುರುತನ್ನು ಅಳಿಸಿ ನನ್ನ ಹೆಸರಿನೆದುರು ಹಾಕಿದರು. ತಮಗೆ ಇಗರ್ಜಿಯಲ್ಲಿ ಶನಿವಾರ ಸಂಜೆಯ ಪೂಜೆ ಸಾಕು ಎಂದರು.

ಐದು ತಿಂಗಳು ಹೀಗೇ ನಡೆಯಿತು. ಸೋಮವಾರ ಬೆಳಿಗ್ಗೆ, ದೇವಸ್ಥಾನಕ್ಕೆ ಹೋಗಿದ್ದೆಯಾ ಎಂದು ವಿಚಾರಿಸುತ್ತಿದ್ದರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಹೊತ್ತೂ ಬಂಗುಡೆ ಮೀನಿನ ಗಸಿ ಉಂಡು ಬಂದವಳು ನಾನು, ಹೌದು ಸಿಸ್ಟರ್ ಎನ್ನುತ್ತಿದ್ದೆ.

ಒಂದು ದಿನ ಅವರ ತಾಯಿ ಕಲ್ಯಾಣಪುರದಿಂದ ಬಿ.ಪಿ. ನೋಡಿಸಲು ಬಂದರು. ಎಂಬತ್ತು ದಾಟಿದವರು. ನಾನು ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ, "ಹರಕೆಯವಳು ನೀನೇ ಅಲ್ವಾ? ಇನ್ನು ಎಷ್ಟು ವಾರ ಉಂಟು ಮಗಾ?" ಎಂದು ಕೇಳಿದರು. ಆದಿತ್ಯವಾರ ಮಗಳ ಕೈ ಹಿಡಿದು ಇಗರ್ಜಿಗೆ ಹೋಗುವುದು, ಬಂದು ಇಬ್ಬರೂ ಕೂತು ಇಡ್ಲಿಯಂಥ ಸಣ್ಣಾಸು ಮತ್ತು ಮಾಂಸದ ಊಟ ಮಾಡುವುದು ಅವರ ಎಷ್ಟೋ ಕಾಲದ ರೂಢಿಯಂತೆ. ಈಗ ಪಕ್ಕದ ಮನೆಯವರ ರಿಕ್ಷಾದಲ್ಲಿ ಹೋಗಿ ಬಂದು ಒಬ್ಬರೇ ಉಣ್ಣುತ್ತಾರಂತೆ. ದೂರಿದ್ದೇನೂ ಅಲ್ಲ. ನನ್ನ ಹರಕೆ ಬೇಗ ಈಡೇರಲಿ ಎಂದು ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚುತ್ತಿದ್ದಾರಂತೆ. ನಾನು ಬಿ.ಪಿ. ಎರಡು ಸಲ ತಪ್ಪು ನೋಡಿದೆ.

ಅವತ್ತೇ ಮಧ್ಯಾಹ್ನ ಸ್ಟೋರ್ ರೂಮಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಸಿಸ್ಟರ್ ಬ್ಯಾಂಡೇಜಿನ ಬಟ್ಟೆ ಕತ್ತರಿಸುತ್ತಿದ್ದರು. ನಾನು ಅತ್ತು ಮುಗಿಸುವವರೆಗೂ ಕತ್ತರಿಸಿದರು. ಆಮೇಲೂ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಮಗುವನ್ನು ನೋಡ್ಲಿಕ್ಕೆ ಅಂತ ಹೇಳಿದ್ರೆ ನೀವು ಕೊಡ್ತಿದ್ರಾ ಸಿಸ್ಟರ್?"

"ಇಲ್ಲ, ಕೊಡ್ತಿರಲಿಲ್ಲ," ಎಂದರು. "ಅದು ನನ್ನ ತಪ್ಪು. ದೇವರ ಹೆಸರಲ್ಲಿ ಸುಳ್ಳು ಹೇಳಿದ್ದು ನಿನ್ನ ತಪ್ಪು. ನನ್ನದನ್ನು ನಾನು ಸರಿ ಮಾಡ್ತೇನೆ. ನಿನ್ನದನ್ನು ನೀನು ಮಾಡು."

ಸರಿ ಮಾಡಿದ್ದು ಹೀಗೆ: ಒಂದು ಆದಿತ್ಯವಾರ ಅವರ ತಾಯಿಗೆ, ಮರುವಾರದ್ದು ನನ್ನ ಮಗಳಿಗೆ. ಆದರೆ ಬಾಯಲ್ಲಿ ಹೇಳಿದ ಹರಕೆ ಹೇಳಿ ಆಗಿದೆ; ರಜೆ ಇರಲಿ ಇಲ್ಲದಿರಲಿ, ಇನ್ನು ಪ್ರತಿ ಆದಿತ್ಯವಾರ ನಾನು ಒಪ್ಪೊತ್ತು ಮಾಡಲೇಬೇಕು. ಎಷ್ಟು ಸಮಯ ಎಂದು ಕೇಳಿದ್ದಕ್ಕೆ, ನಿನ್ನ ದೇವರ ಹತ್ತಿರ ಕೇಳು ಎಂದು ಕಡ್ಡಿ ಮುರಿದಂತೆ ಹೇಳಿದರು. ತಾವು ರಜೆಯಲ್ಲಿದ್ದ ವಾರ ಸಂಜೆ ವಾರ್ಡಿಗೆ ಫೋನ್ ಮಾಡಿ, ಅವಳು ಕ್ಯಾಂಟೀನಿಗೆ ಹೋದಳಾ ಎಂದು ವಿಚಾರಿಸುವುದು ಬೇರೆ. ಎಂಥ ಹೆಂಗಸು ಮಾರಾಯ್ರೆ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಆದರೆ ನನ್ನ ಮಗಳು ಬಸ್ಸಿನ ಹೊತ್ತು ಕೇಳುವುದನ್ನು ಬಿಟ್ಟಿದ್ದಳು. ಅದಕ್ಕಾಗಿ ನಾನು ವಾರವಿಡೀ ಬೇಕಾದರೂ ಹಸಿದಿರುತ್ತಿದ್ದೆ.

ವರ್ಷಗಳು ಕಳೆದವು. ಅವರ ತಾಯಿ ತೀರಿಕೊಂಡರು. ಸಿಸ್ಟರ್ ನಿವೃತ್ತರಾದರು. ಹೋದ ವರ್ಷ ಕಾಯಿಲೆ ಬಿದ್ದು ನಮ್ಮ ವಾರ್ಡಿಗೇ ಬಂದು ಮಲಗಿದರು. ನನ್ನ ರಜೆಯ ಒಂದು ಆದಿತ್ಯವಾರ ಅವರ ತಲೆ ಬಾಚಲು ಹೋದೆ. ಮಗಳು ಕಾಯುವುದಿಲ್ಲವಾ ಎಂದು ಗದರಿದರು. ಅವಳೀಗ ಮಣಿಪಾಲದಲ್ಲಿ ಕಾಲೇಜು, ಆದಿತ್ಯವಾರ ಅವಳಿಗೆ ಅವಳ ಸ್ನೇಹಿತೆಯರು ಸಾಕು ಎಂದೆ.

ಅವರು ನನ್ನ ಕಡೆ ತಿರುಗಿ ಕೇಳಿದರು: "ಒಪ್ಪೊತ್ತು?"

"ಬಿಡಲಿಲ್ಲ ಸಿಸ್ಟರ್."

"ಸಾಕು, ಇನ್ನು ಬಿಡು ಮಾರಾಯ್ತಿ. ನಿನ್ನದು ತೀರಿತು."

ಬುಧವಾರ ಅವರು ಹೋದರು. ಅವರ ಮಾತನ್ನು ನಾನು ಮೀರಿದ್ದು ಅದೊಂದೇ. ಈಗಲೂ ಆದಿತ್ಯವಾರ ರಾತ್ರಿ ಉಣ್ಣುವುದಿಲ್ಲ. ಹಸಿವಾದಾಗ, ದೇವರು ಕ್ಷಮಿಸಲಿ, ನನಗೆ ನೆನಪಾಗುವುದು ಸೂರ್ಯದೇವರಲ್ಲ.