ರುದ್ರಪ್ಪ ಮೇಷ್ಟ್ರ ಖಾಲಿ ಮೊಟ್ಟೆ

ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಜುಬ್ಬದ ಜೇಬಿನಲ್ಲಿ ಕೋಳಿಮೊಟ್ಟೆ. ನಮ್ಮ ರುದ್ರಪ್ಪ ಮೇಷ್ಟ್ರು ತುಮಕೂರಿನಲ್ಲಿ ಗುಬ್ಬಿ ಬಸ್ಸು ಹತ್ತುತ್ತಿದ್ದುದು ಹೀಗೆ. ಹುಟ್ಟಿದಾಗಿನಿಂದ ಮೊಟ್ಟೆಯ ರುಚಿ ಕಂಡವರಲ್ಲ. ಬೇಕರಿ ರೆಹಮಾನ್ ಸಾಬರು ಕೇಕಿಗೆಂದು ಮೊಟ್ಟೆಗೆ ಸಣ್ಣ ತೂತು ಮಾಡಿ ಸುರಿದುಕೊಂಡು, ಖಾಲಿ ಚಿಪ್ಪನ್ನು ಇವರಿಗೆಂದೇ ಎತ್ತಿಡುತ್ತಿದ್ದರು. "ಒಳಗಿಂದು ನಂದು, ಮೇಲಿಂದು ನಿಮ್ದು, ಬರಾಬರ್!" ಎಂದು ನಗುತ್ತಿದ್ದರು. ಮೇಷ್ಟ್ರು ಚಿಪ್ಪನ್ನು ಆಸಿಡ್ಡಿನಲ್ಲಿ ಕರಗಿಸಿ ಒಳಗಿನ ತೆಳು ಪೊರೆಯನ್ನು ಉಳಿಸಿಕೊಳ್ಳುತ್ತಿದ್ದರು. ಆ ಪೊರೆಯ ಕಣ್ಣಿಗೆ ಕಾಣದ ತೂತುಗಳೇ ಅವರ ಪ್ರಪಂಚ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಕಾಲೇಜಿನಲ್ಲಿ ಅವರ ಕೆಮಿಸ್ಟ್ರಿ ಲ್ಯಾಬಿಗೆ ಹೊಸ ಡೆಮಾನ್‌ಸ್ಟ್ರೇಟರ್. ಗುಬ್ಬಿಯ ಅವರ ಬಾಡಿಗೆ ಮನೆಯಲ್ಲೇ ನನ್ನದೂ ಒಂದು ಚಾಪೆ. ಏಪ್ರಿಲ್ ಬಿಸಿಲಲ್ಲೂ ಮಳೆಗೆ ಹೆದರಿ ಕೊಡೆ ಹಿಡಿಯುತ್ತಿದ್ದವನು ನಾನು. ಬೀಗ ಜಗ್ಗಿ ನೋಡಿ, ಬೀದಿಯ ಕೊನೆಯಿಂದ ವಾಪಸು ಬಂದು ಮತ್ತೆ ಜಗ್ಗುವವನು.

"ನೋಡಯ್ಯಾ," ಎನ್ನುತ್ತಿದ್ದರು ಮೇಷ್ಟ್ರು, "ನೀರಲ್ಲಿ ಉಪ್ಪಿನ ಅಯಾನು ಒಂಟಿಯಾಗಿ ಓಡಾಡಲ್ಲ. ಸುತ್ತ ನೀರಿನ ನೆಂಟರನ್ನ ಕಟ್ಕೊಂಡೇ ಹೊರಡೋದು. ತೂತು ತೀರಾ ಕಿರಿದಾಯ್ತೋ, ನೆಂಟರನ್ನ ಹೊರಗೆ ಬಿಟ್ಟು ತೂರ್ಬೇಕು. ನೀನು ಮಾತ್ರ ಒಬ್ರನ್ನೂ ಬಿಡಲ್ಲ!"

ಒಂದು ಭಾನುವಾರ ಮನೆಯೊಡತಿ ಗಿರಿಜಮ್ಮನವರು ನಮ್ಮ ಕಿಟಕಿಯಲ್ಲಿ ಮೊಟ್ಟೆ ಕಂಡುಬಿಟ್ಟರು. ಅವರ ತಮ್ಮನ ಮಗಳು ಶೈಲಜಳನ್ನು ನನಗೆ ನೋಡಿಯಾಗಿತ್ತು. ಮಾತುಕತೆ ಇನ್ನೂ ಮುಗಿದಿರಲಿಲ್ಲ.

"ಮೇಷ್ಟ್ರೇ, ನಾಳೆನೇ ಮನೆ ಬಿಡಿ. ಈ ಹುಡುಗನಿಗೆ ನಮ್ಮ ಹುಡುಗಿ ಬೇರೆ ಕೊಡ್ಬೇಕಂತೆ!"

"ಖಾಲಿ ಮೊಟ್ಟೆ ಕಣ್ರಮ್ಮಾ."

"ಹೆಂಡದ ಮಡಕೆ ಖಾಲಿ ಆಯ್ತು ಅಂತ ಪೂಜೆಗೆ ಇಡ್ತಾರಾ?"

ಮೇಷ್ಟ್ರು ಒಳಗೆ ಹೋದರು. ಜಗಲಿಗೆ ಗಾಜಿನ ಲೋಟ ತಂದರು. ಪೊರೆಯ ಚೀಲಕ್ಕೆ ಅನ್ನದ ಗಂಜಿ ತುಂಬಿ, ಬಾಯಿ ಕಟ್ಟಿ, ಟಿಂಚರ್ ಅಯೋಡಿನ್ ಹನಿಸಿದ ನೀರಿಗೆ ಇಳಿಬಿಟ್ಟರು. ಗಿರಿಜಮ್ಮ ಸೆರಗಿನಿಂದ ಮೂಗು ಮುಚ್ಚಿ ದೂರ ನಿಂತರು, ಆಮೇಲೆ ಹತ್ತಿರ ಬಂದರು, ಆಮೇಲೆ ಕೂತೇಬಿಟ್ಟರು. ನಾನು ಬಾಗಿಲ ಹಿಂದೆ ನಿಂತು, ಸಂಬಂಧ ಮುರಿದಿದ್ದು, ಊರಿಗೆ ಸುದ್ದಿ ಮುಟ್ಟಿದ್ದು, ಅಮ್ಮ ಅತ್ತಿದ್ದು ಎಲ್ಲವನ್ನೂ ಮುಗಿಸಿಕೊಂಡಿದ್ದೆ. ಚೀಲದೊಳಗಿನ ಗಂಜಿ ನಿಧಾನಕ್ಕೆ ಕಡುನೀಲಿಯಾಯಿತು. ಹೊರಗಿನ ನೀರು ಟೀ ಬಣ್ಣದಲ್ಲೇ ಉಳಿಯಿತು.

"ಔಷಧಿ ಒಳಕ್ಕೆ ಹೋಯ್ತು, ಗಂಜಿ ಯಾಕೆ ಆಚೆ ಬರ್ಲಿಲ್ಲ?"

"ಗಂಜಿ ಕಣ ದಪ್ಪ ಕಣಮ್ಮಾ, ತೂತಲ್ಲಿ ತೂರಲ್ಲ."

ಗಿರಿಜಮ್ಮ ಲೋಟದ ಮೇಲೆ ಬಗ್ಗಿ ನೋಡಿದರು. "ನಮ್ಮ ಮಡೀನೂ ಹಿಂಗೇ ಮೇಷ್ಟ್ರೇ. ಎಷ್ಟು ಬಿಗಿಯಾಗಿ ಬಾಗ್ಲು ಹಾಕಿದ್ರೂ ಏನೋ ಒಂದು ತೂರ್ಕೊಂಡು ಬರ್ತದೆ" ಎಂದು ನಕ್ಕುಬಿಟ್ಟರು. ಮೊಟ್ಟೆ ಜಗಲಿ ದಾಟಬಾರದು ಎಂದು ತೀರ್ಪಾಯಿತು. ಹುಡುಗಿಯ ಮಾತು ಎತ್ತಲಿಲ್ಲ. ನನ್ನ ನಿದ್ದೆ ಹೋಯಿತು.

ಮರುವಾರ ಶೈಲಜಳೇ ಸೋದರತ್ತೆಯ ಮನೆಗೆ ಬಂದು, "ಎಲ್ರೀ, ಆ ನೀಲಿ ಗಂಜಿ ತೋರ್ಸಿ" ಎಂದಳು. ನನ್ನ ಗಡಿಬಿಡಿಗೆ ಅಯೋಡಿನ್ ಅವಳ ಮೇಲೇ ಚೆಲ್ಲಿತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ತಕ್ಷಣ ನೀಲಿ. ಅವಳು ಬಿದ್ದುಬಿದ್ದು ನಕ್ಕಳು. ಆ ಸೀರೆ ಈಗ ನಮ್ಮ ಮನೆಯ ಬೀರುವಿನಲ್ಲಿದೆ.

ನಿವೃತ್ತರಾದ ಮೇಲೆ ಮೇಷ್ಟ್ರು ತಮ್ಮೂರು ಕುಣಿಗಲ್ಲಿಗೆ ಹೋದರು. ಎಂಬತ್ತರ ದಶಕದ ಕೊನೆಗೊಮ್ಮೆ ಹೋಗಿ ನೋಡಿದೆ. ಬೀಳ್ಕೊಡಲು ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸಿನ ಬಾಗಿಲ ತುಂಬ ಜನ. ನನ್ನ ಕೈಯಲ್ಲಿ ಎರಡು ಚೀಲ, ಕೊಡೆ. "ನೆಂಟರನ್ನ ಇಲ್ಲಿ ಕೊಡಯ್ಯಾ, ನೀನು ತೂರು!" ಎಂದು ಎಲ್ಲವನ್ನೂ ಕಿತ್ತುಕೊಂಡರು. ಸೀಟು ಸಿಕ್ಕಿತು. ಚೀಲಗಳು ಕಿಟಕಿಯಿಂದ ಬಂದವು. ಅಷ್ಟರಲ್ಲಿ ಬಸ್ಸು ಹೊರಟಿತು. ಮೇಷ್ಟ್ರು ಬಿಸಿಲಲ್ಲಿ ನನ್ನ ಕೊಡೆ ಬಿಚ್ಚಿ ಹಿಡಿದು, "ಮುಂದಿನ ಸಲ ಬಂದು ಇಸ್ಕೋ!" ಎಂದು ಕೂಗಿದರು.

ಆ ಮುಂದಿನ ಸಲಕ್ಕೆ ಮೊದಲೇ ಅವರು ಹೋಗಿಬಿಟ್ಟರು. ಬೀಗವನ್ನು ಈಗಲೂ ಎರಡು ಸಲ ಜಗ್ಗುತ್ತೇನೆ. ಕೊಡೆ ಮಾತ್ರ ಮತ್ತೆ ಕೊಂಡಿಲ್ಲ.